ಕೆನಡಾದ ಇಂಡಿಯನ್ ಆಕ್ಟ್ ರದ್ದಾಗಬೇಕೇ?

ಪರ: ಇನ್ನೆಷ್ಟು ತೇಪೆ ಹಾಕುವುದು?

ಹೆಸರು ಕೇಳಿ ನಮ್ಮ ದೇಶದವರ ಬಗ್ಗೆ ಅಂದುಕೊಳ್ಳಬೇಡಿ. ಇದು ಕೆನಡಾದ ಮೂಲನಿವಾಸಿಗಳ ಮೇಲೆ 1876ರಲ್ಲಿ ಹೇರಿದ ಕಾನೂನು. ಯಾರು 'ಇಂಡಿಯನ್', ಯಾರು ಅಲ್ಲ ಅಂತ ಇವತ್ತಿಗೂ ಸರ್ಕಾರದ ಪಟ್ಟಿಯೇ ಹೇಳುತ್ತದೆ.

ಹೆಣ್ಣುಮಕ್ಕಳಿಗೆ ಆದದ್ದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಹೊರಗಿನವನನ್ನು ಮದುವೆಯಾದರೆ ಅವಳ ಹೆಸರನ್ನು ಪಟ್ಟಿಯಿಂದ ತೆಗೆಯುತ್ತಿದ್ದರು. ಗಂಡ ಬಿಟ್ಟರೂ ತವರೂರಿನಲ್ಲಿ ಬಾಳುವ ಹಕ್ಕಿಲ್ಲ. ಗಂಡಸು ಹೊರಗಿನವಳನ್ನು ಕಟ್ಟಿಕೊಂಡರೆ? ಅವಳೇ 'ಇಂಡಿಯನ್' ಆಗುತ್ತಿದ್ದಳು! ಹೀಗೆ ಹಕ್ಕು ಕಳೆದುಕೊಂಡ ಸ್ಯಾಂಡ್ರಾ ಲವ್‌ಲೇಸ್ ವಿಶ್ವಸಂಸ್ಥೆಯ ಮಾನವ ಹಕ್ಕು ಸಮಿತಿಯ ತನಕ ಹೋಗಿ 1981ರಲ್ಲಿ ಗೆದ್ದರು. 1985ರಲ್ಲಿ ತಿದ್ದುಪಡಿ ಬಂತು. ಆದರೆ ಆ ತಿದ್ದುಪಡಿಯೇ ಹೊಸ ಬೇಲಿ ಹಾಕಿತು: ಎರಡು ತಲೆಮಾರು ಹೊರಗಿನವರ ಜೊತೆ ಸಂಸಾರ ಮಾಡಿದರೆ ಮೊಮ್ಮಕ್ಕಳು ಪಟ್ಟಿಯಲ್ಲಿಲ್ಲ.

ಪಶ್ಚಿಮ ಕರಾವಳಿಯವರು ಊರು ಕರೆದು ಉಡುಗೊರೆ ಹಂಚುವ ಪಾಟ್‌ಲ್ಯಾಚ್ ಹಬ್ಬಕ್ಕೆ 1885ರಿಂದ 1951ರವರೆಗೆ ನಿಷೇಧವಿತ್ತು. ಭೂಮಿಯ ಹಕ್ಕಿಗಾಗಿ ವಕೀಲರಿಗೆಂದು ಚಂದಾ ಎತ್ತುವುದೂ 1927ರಿಂದ ಅಪರಾಧವಾಯಿತು. ಮನೆಯಿಂದ ದೂರ ಮಾಡಿ ತಮ್ಮ ಭಾಷೆಯನ್ನೇ ಮರೆಸುವ ವಸತಿ ಶಾಲೆಗಳಿಗೆ ಸುಮಾರು 1,50,000 ಮಕ್ಕಳು ಹೋದರು. ಮಕ್ಕಳನ್ನು ಕಳಿಸಲೇಬೇಕು ಅಂತ 1920ರಲ್ಲಿ ಒತ್ತಾಯ ಮಾಡಿದ್ದು ಇದೇ ಕಾನೂನು.

ಮೂಲನಿವಾಸಿಗಳಿಗೆಂದು ಬಿಟ್ಟ ಮೀಸಲು ಜಮೀನು ಈಗಲೂ ಸರ್ಕಾರದ ಹೆಸರಿನಲ್ಲೇ ಇದೆ. ಅಲ್ಲಿ ಮನೆ ಕಟ್ಟಲು ಜಾಗ ಅಡವಿಟ್ಟು ಬ್ಯಾಂಕ್ ಸಾಲ ತರುವುದು ತುಂಬಾ ಕಷ್ಟ. ದೊಡ್ಡವರನ್ನು ಮೈನರ್ ಮಕ್ಕಳ ಹಾಗೆ ನೋಡುವ ಕಾನೂನು ಇದು. ರಿಪೇರಿ ಸಾಕು, ತೆಗೆದುಹಾಕಿ.

ವಿರೋಧ: ಕೀಳುವುದು ಯಾರ ಕೈಯಿಂದ?

1969ರಲ್ಲಿ ಪ್ರಧಾನಿ ಪಿಯರ್ ಟ್ರೂಡೊ ಸರ್ಕಾರ ಇದನ್ನೇ ಮಾಡಲು ಹೊರಟಿತ್ತು. ಕಾನೂನು ರದ್ದು, ಪ್ರತ್ಯೇಕ ಸ್ಥಾನ ರದ್ದು, ಎಲ್ಲರೂ ಒಂದೇ ಅಂತ ಶ್ವೇತಪತ್ರ ತಂದಿತು. ಕೇಳೋಕೆ ಚೆಂದ ಅಲ್ವಾ? ಆದರೆ ತಿರುಗಿಬಿದ್ದವರು ಈ ಕಾನೂನಿನಿಂದಲೇ ನೊಂದವರು. ಆಲ್ಬರ್ಟಾ ಪ್ರಾಂತ್ಯದ ಕ್ರೀ ಸಮುದಾಯದ ನಾಯಕ ಹೆರಾಲ್ಡ್ ಕಾರ್ಡಿನಲ್‌ಗೆ ಆಗ 24 ವರ್ಷ. ಈ ಕಾನೂನು ಒಳ್ಳೆಯದು ಅಂತ ಅವರು ಯಾವತ್ತೂ ಹೇಳಲಿಲ್ಲ. ಸರ್ಕಾರವನ್ನು ಹಿಡಿದು ನಿಲ್ಲಿಸಲು ನಮ್ಮ ಕೈಯಲ್ಲಿ ಇರುವುದು ಇದೊಂದೇ, ಇದನ್ನೂ ಕಿತ್ತುಕೊಂಡರೆ ಏನು ಉಳಿಯುತ್ತದೆ ಅನ್ನುವುದು ಅವರ ವಾದವಾಗಿತ್ತು. 1970ರಲ್ಲಿ ಆಲ್ಬರ್ಟಾದ ಮುಖಂಡರು 'ಕೆಂಪು ಪತ್ರ' ಬರೆದು ಉತ್ತರ ಕೊಟ್ಟರು. ಸರ್ಕಾರ ಹಿಂದೆ ಸರಿಯಿತು.

ಅವರ ಭಯ ಸುಮ್ನೆ ಹುಟ್ಟಿದ್ದಲ್ಲ. ಜಮೀನು ಅಡವಿಡಲು ಬಿಡದ ಆ ನಿಯಮವೇ ಸಾಲ ಕೊಟ್ಟ ಹೊರಗಿನವನು ಬಂದು ಅದನ್ನು ಜಪ್ತಿ ಮಾಡದಂತೆಯೂ ತಡೆಯುತ್ತದೆ. ಬೇಲಿ ಕಿತ್ತ ಮೇಲೆ ಕೈಬಿಟ್ಟ ಭೂಮಿ ಮತ್ತೆ ಸಿಗುವುದಿಲ್ಲ. 1982ರ ಸಂವಿಧಾನವು ಸರ್ಕಾರದ ಜೊತೆ ಮಾಡಿಕೊಂಡ ಒಪ್ಪಂದಗಳ ಹಕ್ಕುಗಳನ್ನು ಕಾಪಾಡುತ್ತದೆ, ನಿಜ. ಆದರೆ 600ಕ್ಕೂ ಹೆಚ್ಚು ಸಮುದಾಯಗಳಲ್ಲಿ ಬಹುಪಾಲು ಊರಾಡಳಿತ ನಿಂತಿರುವುದು ಈ ಕಾನೂನಿನ ಮೇಲೆ. ರಾತ್ರೋರಾತ್ರಿ ತೆಗೆದರೆ ಜಮೀನಿನ ದಾಖಲೆ ಯಾರ ಕೈಗೆ ಹೋಗುತ್ತದೆ?

ಬ್ರಿಟಿಷ್ ಕೊಲಂಬಿಯಾದ ನಿಸ್ಗಾ ಜನರನ್ನು ನೋಡಿ. 1887ರಲ್ಲೇ ಅವರ ಹಿರಿಯರು ಭೂಮಿ ಕೇಳಲು ಪ್ರಾಂತ್ಯದ ರಾಜಧಾನಿ ವಿಕ್ಟೋರಿಯಾಕ್ಕೆ ಹೋಗಿದ್ದರು. ಸಾಕಾರವಾದದ್ದು 2000ದಲ್ಲಿ. ಒಪ್ಪಂದ ಜಾರಿಯಾದಾಗ ನಾಸ್ ಕಣಿವೆಯ ಸುಮಾರು 2,000 ಚದರ ಕಿಲೋಮೀಟರ್ ಭೂಮಿ ಅವರದಾಯಿತು. ಅವರದೇ ಸರ್ಕಾರ ಬಂತು. ಇಂಡಿಯನ್ ಆಕ್ಟ್ ಅವರ ಮೇಲಿಂದ ಬಹುಪಾಲು ಇಳಿಯಿತು. ಅವರೇ ಕಟ್ಟಿಕೊಂಡು, ಅವರೇ ಹೊರಬಂದರು. ಇದಕ್ಕೆ 113 ವರ್ಷ ಹಿಡಿದದ್ದು ಅನ್ಯಾಯ. ಸಂಧಾನದ ಮೇಜಿನಲ್ಲಿ ಇನ್ನೂ ಕೂತಿರುವ ಸಮುದಾಯಗಳ ಕೆಲಸವನ್ನು ಒಟ್ಟಾವಾದ ಕೇಂದ್ರ ಸರ್ಕಾರ ಮೊದಲು ಮುಗಿಸಲಿ.