ಕುರ್ಚಿ ತೋರಿಸುವವರ ಬಗ್ಗೆ

ಚರ್ಚಿನಲ್ಲಿ ಬೈಬಲಿನ ಯಾಕೋಬನ ಪತ್ರಿಕೆಯ ಎರಡನೇ ಅಧ್ಯಾಯದ ಮೇಲೆ ಪ್ರಸಂಗ ಶುರುವಾದರೆ ಅದು ಹೋಗಿ ನಿಲ್ಲುವುದು ಹೆಚ್ಚಾಗಿ ಒಂದೇ ಕಡೆ. ಚಿನ್ನದ ಉಂಗುರ ಹಾಕಿಕೊಂಡು ಸಭೆಗೆ (ಅಂದರೆ ಚರ್ಚಿನ ಕೂಟಕ್ಕೆ) ಬಂದವನ ಮೇಲೆ. ಐಶ್ವರ್ಯ, ಅಹಂಕಾರ, ಸೂಜಿ ಕಣ್ಣು, ಒಂಟೆ, ಎಲ್ಲ ಬರುತ್ತದೆ. ಆದರೆ ಆ ಭಾಗವನ್ನು ಮನೆಗೆ ಹೋಗಿ ಸುಮ್ನೆ ಒಂದು ಸಲ ಓದಿ ನೋಡಿ. ಉಂಗುರದವನು ಅಲ್ಲಿ ಏನೂ ತಪ್ಪು ಮಾಡಿಲ್ಲ. ಬಂದಿದ್ದಾನೆ, ಅಷ್ಟೇ. ಬಾಯಿ ಕೂಡ ತೆರೆದಿಲ್ಲ. ಅಲ್ಲಿಗೇ ಬಂದ ಕೊಳಕು ಬಟ್ಟೆಯ ಬಡವನೂ ಮಾತಾಡಿಲ್ಲ. ಆ ಇಡೀ ದೃಶ್ಯದಲ್ಲಿ ಮಾತಾಡುವುದು ಸಭೆಯವರು ಮಾತ್ರ. ಒಬ್ಬನಿಗೆ 'ಬನ್ನಿ ಬನ್ನಿ, ಇಲ್ಲಿ ಕೂತ್ಕೊಳ್ಳಿ' ಅನ್ನುವವರು, ಇನ್ನೊಬ್ಬನಿಗೆ 'ನೀನು ಅಲ್ಲೇ ನಿಂತ್ಕೋ, ಇಲ್ಲಾಂದ್ರೆ ಇಲ್ಲಿ ಕಾಲ ಹತ್ರ ಕೂತ್ಕೋ' ಅನ್ನುವವರು. ಯಾಕೋಬ ಬೈಯಲು ಶುರು ಮಾಡುವುದು ಅವರನ್ನು. ಅಂದರೆ ಕುರ್ಚಿ ತೋರಿಸುವವರನ್ನು. ಅಂದರೆ ನಮ್ಮನ್ನು.

ನಮ್ಮಲ್ಲಿ ಶ್ರೀಮಂತರು ಎಷ್ಟು ಮಂದಿ ಇದ್ದಾರೆ ಹೇಳಿ? ಒಂದು ಮಾಮೂಲಿ ಸಭೆಯಲ್ಲಿ ನಾಲ್ಕೋ ಐದೋ ಮನೆ. ಉಳಿದ ನಾವೆಲ್ಲ ಇರುವುದು ಮಧ್ಯದಲ್ಲಿ. ಹಾಗಾಗಿ ಶ್ರೀಮಂತರನ್ನು ಬೈಯುವ ಪ್ರಸಂಗ ನಮಗೆ ಬಹಳ ಹಿತವಾಗಿರುತ್ತದೆ, ಆಮೆನ್ ಜೋರಾಗಿಯೇ ಬರುತ್ತದೆ. ಆಮೇಲೆ ಹೊರಗೆ ಬಂದು ಅದೇ ನಾಲ್ಕು ಮನೆಯವರ ಕಾರಿನ ಬಾಗಿಲು ತೆಗೆಯಲು ಓಡುವವರೂ ನಾವೇ.

ಬೆಳೆ ಹಬ್ಬದ ವಿಷಯಕ್ಕೇ ಬರುತ್ತೇನೆ, ಏಕೆಂದರೆ ಈ ಬರಹಕ್ಕೆ ಕಾರಣವೇ ಅದು. ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಬೆಳೆದವರಿಗೆ ಹೊಸದಾಗಿ ಹೇಳಬೇಕಿಲ್ಲ. ಬೇರೆಯವರಿಗಾಗಿ: ವರ್ಷಕ್ಕೊಮ್ಮೆ ಮನೆಯಲ್ಲಿ ಬೆಳೆದದ್ದು, ಮಾಡಿದ್ದು ಏನಾದರೂ ತಂದು ದೇವರ ಮುಂದೆ ಇಡುತ್ತೇವೆ. ಬಾಳೆಗೊನೆ, ಕುಂಬಳಕಾಯಿ, ಕೋಳಿ, ಮೊಟ್ಟೆ, ಅಕ್ಕಿ, ಕೇಕು, ಉಪ್ಪಿನಕಾಯಿ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಶಾಮಿಯಾನ, ಮೈಕು, ಹರಾಜು. ಹಣ ಸಭೆಗೆ. ತುಂಬಾ ಚೆಂದದ ಹಬ್ಬ, ನನಗೆ ಕ್ರಿಸ್ಮಸ್‌ಗಿಂತ ಇದೇ ಜಾಸ್ತಿ ಇಷ್ಟ. ಮಕ್ಕಳು ಕೋಳಿ ಹಿಂದೆ ಓಡುವುದು, ಚಹಾ ಸ್ಟಾಲು, ಹರಾಜು ಕೂಗುವವರ ಜೋಕು.

ಆದರೆ ಆ ಮೈಕನ್ನು ಸ್ವಲ್ಪ ಕಿವಿಗೊಟ್ಟು ಕೇಳಿ. ನಾನು ನೋಡಿದ ಒಂದು ಹರಾಜಿನಲ್ಲಿ ಮೊದಲು ಮೇಲೆ ಬಂದದ್ದು ಒಂದು ಜೋಡಿ ತೆಂಗಿನಕಾಯಿ. ಒಬ್ಬ ಗಾರೆ ಕೆಲಸದವರು ಹಿಂದಿನಿಂದ ನೂರೈವತ್ತು ಅಂದರು. ಅವರ ಮಟ್ಟಿಗೆ ಅದು ಸಣ್ಣ ಮೊತ್ತವಲ್ಲ. ಮೈಕಿನವರು 'ನೂರೈವತ್ತು ಇದೆ, ನೂರೈವತ್ತು' ಎಂದು ಆಕಾಶ ನೋಡುತ್ತಾ ಹೇಳಿದರು. ಹೆಸರಿಲ್ಲ, ಊರಿಲ್ಲ. ಮುಂದಿನ ಸಾಲಿನಿಂದ ಒಬ್ಬರು ಬೆರಳೆತ್ತಿದರು. 'ನಮ್ಮ ಅಣ್ಣನವರು ಎರಡು ಸಾವಿರ! ಅಣ್ಣ, ನಿಮ್ಮ ಲೆವೆಲ್‌ಗೆ ಇದು ಕಡಿಮೆ ಆಯ್ತು!' ಎಲ್ಲರೂ ನಕ್ಕರು, ಚಪ್ಪಾಳೆ. ಐದು ಸಾವಿರಕ್ಕೆ ಕಾಯಿ ಹೋಯಿತು. ಒಬ್ಬ ಅಜ್ಜಿ ತಂದಿದ್ದ ಹರಿವೆ ಸೊಪ್ಪಿನ ಎರಡು ಕಟ್ಟು ಕೊನೆಯಲ್ಲಿ, ಬಿಸಿಲಿಗೆ ಬಾಡಿದ ಮೇಲೆ, ಉಳಿದ ಚಿಲ್ಲರೆ ಸಾಮಾನಿನ ಜೊತೆ ಸೇರಿ 'ಎಲ್ಲಾ ಒಟ್ಟಿಗೆ ನೂರು' ಎಂದು ಹೋಯಿತು. ಆ ಅಜ್ಜಿ ಅಲ್ಲೇ ಕೂತಿದ್ದರು.

ಮೈಕಿನವರು ಕೆಟ್ಟವರಾ? ಖಂಡಿತ ಅಲ್ಲ. ಬೆಳಿಗ್ಗೆ ಆರಕ್ಕೆ ಬಂದು ಕುರ್ಚಿ ಹಾಕಿದವರು ಅವರು. ಐದು ಸಾವಿರ ಕೊಟ್ಟವರೂ ಒಳ್ಳೆಯವರೇ. ಇದರಲ್ಲಿ ಯಾರೂ ಬಡವರನ್ನು ದ್ವೇಷಿಸಲಿಲ್ಲ. ನನಗೆ ಹೇಳಬೇಕಾದದ್ದೂ ಇದೇ. ನಮ್ಮ ಪಕ್ಷಪಾತಕ್ಕೆ ದ್ವೇಷ ಬೇಕಾಗುವುದೇ ಇಲ್ಲ, ಲೆಕ್ಕಾಚಾರ ಇದ್ದರೆ ಸಾಕು. ಛಾವಣಿ ಸೋರುತ್ತಿದೆ, ಸೌಂಡ್ ಸಿಸ್ಟಂ ಹಳೆಯದಾಗಿದೆ, ಈ ಮನುಷ್ಯ ಮನಸ್ಸು ಮಾಡಿದರೆ ಆಗುತ್ತದೆ. ಅಲ್ಲಿಂದ ಕುರ್ಚಿಗೆ ಕುಶನ್ ಬರುತ್ತದೆ, ಫ್ಯಾನಿನ ರೆಕ್ಕೆ ಮೇಲೆ ಹೆಸರು ಬರುತ್ತದೆ, ಆಮೇಲೆ ಕಮಿಟಿಯಲ್ಲಿ ಸೀಟು ಬರುತ್ತದೆ. (ಫ್ಯಾನಿನ ರೆಕ್ಕೆ ಮೇಲೆ ಹೆಸರು ಬರೆಸುವುದರಲ್ಲಿ ಮಾತ್ರ ನಮಗೂ ಪಕ್ಕದ ದೇವಸ್ಥಾನಕ್ಕೂ ಪೂರ್ತಿ ಐಕ್ಯ ಇದೆ. ತಿರುಗುವಾಗ ಓದಲು ಆಗುವುದಿಲ್ಲ ಎನ್ನುವುದೊಂದೇ ಸಮಾಧಾನ.)

ವಿಧವೆಯ ಎರಡು ಕಾಸಿನ ಕಥೆಯನ್ನೇ ನೋಡಿ, ಮಾರ್ಕನ ಸುವಾರ್ತೆ 12ನೇ ಅಧ್ಯಾಯ. ಕಾಣಿಕೆ ಕಡಿಮೆಯಾದ ತಿಂಗಳು ಈ ಪ್ರಸಂಗ ಬಂದೇ ಬರುತ್ತದೆ. ಅವಳು ಇದ್ದದ್ದೆಲ್ಲ ಕೊಟ್ಟಳು, ನೀವೂ ಕೊಡಿ. ಆದರೆ ಅದರ ಮೇಲಿನ ಮೂರು ವಚನಗಳನ್ನು ಸಾಮಾನ್ಯವಾಗಿ ಓದುವುದಿಲ್ಲ. ಅಲ್ಲಿ ಯೇಸು ಹೇಳುವುದು ಶಾಸ್ತ್ರಿಗಳ, ಅಂದರೆ ಯೆಹೂದಿ ಧರ್ಮಶಾಸ್ತ್ರ ಬೋಧಿಸುವವರ, ಬಗ್ಗೆ ಎಚ್ಚರ ಎಂದು. ಉದ್ದ ನಿಲುವಂಗಿ, ಪೇಟೆಯಲ್ಲಿ ನಮಸ್ಕಾರ, ಸಭಾಮಂದಿರದಲ್ಲಿ ಮುಂದಿನ ಪೀಠ, ಊಟದಲ್ಲಿ ಮೊದಲ ಜಾಗ, ಇವೆಲ್ಲ ಬೇಕು ಅವರಿಗೆ, ಮತ್ತು ಅವರು ವಿಧವೆಯರ ಮನೆಗಳನ್ನು ನುಂಗುತ್ತಾರೆ ಎಂದು. ಆ ಮಾತು ಮುಗಿದ ಕೂಡಲೇ ವಿಧವೆ ಬಂದು ಪೆಟ್ಟಿಗೆಗೆ ಕಾಸು ಹಾಕುತ್ತಾಳೆ. ಮುಂದಿನ ಪೀಠದ ಮಾತೂ ವಿಧವೆಯ ಕಾಸೂ ಒಂದರ ಪಕ್ಕ ಒಂದು ಇವೆ. ನಾವು ಮಧ್ಯದಲ್ಲಿ ಕತ್ತರಿಸಿ, ವಿಧವೆಯನ್ನು ಮಾತ್ರ ಇಟ್ಟುಕೊಂಡಿದ್ದೇವೆ.

ಇದು ಇವತ್ತಿನ ರೋಗ, ಮೊದಲಿನ ಸಭೆ ಶುದ್ಧವಾಗಿತ್ತು ಎನ್ನುವವರಿಗೆ ಗ್ರೀಸಿನ ಕೊರಿಂಥ ಊರಿನ ಸಭೆಯನ್ನು ನೆನಪಿಸಬೇಕು. ಅಲ್ಲಿ ಕರ್ತನ ಭೋಜನಕ್ಕೆ ಸೇರಿದಾಗ ಅನುಕೂಲ ಇದ್ದವರು ತಮ್ಮ ಊಟ ತಾವು ಮೊದಲೇ ಮುಗಿಸುತ್ತಿದ್ದರು. ಇಲ್ಲದವರಿಗೆ ಹಸಿವು. ಒಬ್ಬ ಹಸಿದಿರುತ್ತಾನೆ, ಇನ್ನೊಬ್ಬ ಕುಡಿದು ಅಮಲೇರಿಸಿಕೊಂಡಿರುತ್ತಾನೆ ಎಂದು ಅಪೊಸ್ತಲ ಪೌಲ ಆ ಸಭೆಗೆ ಕಳಿಸಿದ ಪತ್ರದಲ್ಲಿ ಬರೆಯುತ್ತಾನೆ. ಇಲ್ಲದವರನ್ನು ನಾಚಿಕೆಪಡಿಸುತ್ತೀರಾ ಎಂದು ನೇರವಾಗಿ ಕೇಳುತ್ತಾನೆ. ಹಬ್ಬದ ದಿನ ಅಂಗಳದಲ್ಲಿ ಎಲ್ಲರಿಗೂ ಪಲಾವ್, ಪಾಸ್ಟರ್ ಕ್ವಾರ್ಟರ್ಸ್ ಒಳಗೆ ಅತಿಥಿಗಳಿಗೆ ಬೇರೆ ಊಟ ಎನ್ನುವ ವ್ಯವಸ್ಥೆ ನಿಮ್ಮ ಸಭೆಯಲ್ಲೂ ಇದ್ದರೆ, ಆ ಪತ್ರ ನಮಗೂ ಬಂದಿದೆ ಅಂದುಕೊಳ್ಳಿ.

ಆದರೆ ಹಳೆಯ ಸಭೆ ಇದಕ್ಕೆ ಮದ್ದು ಹುಡುಕಿದ್ದೂ ಉಂಟು. ಮೂರನೇ ಶತಮಾನದಲ್ಲಿ ಸಿರಿಯಾ ಕಡೆ ಬರೆದ 'ದಿದಸ್ಕಾಲಿಯ' ಎನ್ನುವ ಸಭಾ ನಿಯಮಗಳ ಪುಸ್ತಕ ಒಂದಿದೆ. ಅದರಲ್ಲಿ ಬಿಷಪ್‌ಗೆ ಹೇಳಿದ ಮಾತು ನನಗೆ ಬಹಳ ಇಷ್ಟ. ನೀನು ವಾಕ್ಯ ಹೇಳುತ್ತಿರುವಾಗ ಲೋಕದಲ್ಲಿ ಗೌರವ ಇರುವ ಒಬ್ಬ ಒಳಗೆ ಬಂದರೆ, ಮಾತು ನಿಲ್ಲಿಸಿ ಅವನಿಗೆ ಜಾಗ ಹುಡುಕಲು ಹೋಗಬೇಡ, ನಿನ್ನ ಪಾಡಿಗೆ ಮುಂದುವರಿಸು, ಜಾಗ ಕೊಡುವುದನ್ನು ಬೇರೆಯವರು ನೋಡಿಕೊಳ್ಳುತ್ತಾರೆ. ಆದರೆ ಬಡವನೋ ಬಡವಳೋ ಬಂದರೆ, ಅದರಲ್ಲೂ ವಯಸ್ಸಾದವರು ಬಂದರೆ, ಜಾಗ ಇಲ್ಲದಿದ್ದರೆ, ನೀನೇ ಮನಸಾರೆ ಜಾಗ ಮಾಡಿಕೊಡು, ನೀನು ನೆಲದ ಮೇಲೆ ಕೂರಬೇಕಾಗಿ ಬಂದರೂ ಸರಿ. ಬಿಷಪ್ ನೆಲದ ಮೇಲೆ! ನಮ್ಮಲ್ಲಿ ಬಿಷಪ್ ಬರುತ್ತಾರೆ ಅಂದರೆ ಕುರ್ಚಿಗೆ ಬಿಳಿ ಟರ್ಕಿ ಟವೆಲ್ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ.

ಮದ್ದು ಮರೆತಿದ್ದೂ ಅಷ್ಟೇ ನಿಜ. ಇಂಗ್ಲೆಂಡ್, ಅಮೆರಿಕದಲ್ಲಿ ಚರ್ಚಿನ ಬೆಂಚುಗಳನ್ನೇ ಬಾಡಿಗೆಗೆ ಕೊಡುತ್ತಿದ್ದ ಕಾಲ ಇತ್ತು. ದುಡ್ಡು ಕೊಟ್ಟವರಿಗೆ ಮುಂದಿನ ಬೆಂಚು, ಇಲ್ಲದವರು ಹಿಂದೆ. 1860ರಲ್ಲಿ ಅಮೆರಿಕದಲ್ಲಿ ಫ್ರೀ ಮೆಥಡಿಸ್ಟ್ ಎಂದು ಬೇರೆ ಸಭೆಯೇ ಹುಟ್ಟಿತು, ಗುಲಾಮಗಿರಿ ಬೇಡ ಎನ್ನುವುದರ ಜೊತೆಗೆ ಬೆಂಚಿನ ಬಾಡಿಗೆ ಬೇಡ ಎನ್ನುವುದೂ ಅವರ ತಕರಾರಾಗಿತ್ತು.

ನಮ್ಮ ಕಡೆ ಬೆಂಚಿನ ಬಾಡಿಗೆಗಿಂತ ದೊಡ್ಡ ಗೋಡೆ ಜಾತಿಯದ್ದು. ಬಡತನ ಬೇರೆ, ಜಾತಿ ಬೇರೆ ಎಂದು ಬಿಡಿಸಿ ಮಾತಾಡಲು ನಮ್ಮ ದೇಶದಲ್ಲಿ ಆಗುವುದಿಲ್ಲ, ಅಲ್ವಾ? ತಮಿಳುನಾಡಿನ ತಿರುನೆಲ್ವೇಲಿ ಕಡೆ ವಡಕ್ಕನ್‌ಕುಳಂ ಎಂಬ ಊರಿದೆ. ಅಲ್ಲಿ 1872ರಲ್ಲಿ ಕಟ್ಟಿದ ಕ್ಯಾಥೊಲಿಕ್ ಚರ್ಚಿನಲ್ಲಿ ಎರಡು ಉದ್ದದ ಹಜಾರಗಳು ಬಂದು ಒಂದೇ ಪೀಠದ ಹತ್ತಿರ ಸೇರುತ್ತಿದ್ದವು. ಪ್ಯಾಂಟಿನ ಎರಡು ಕಾಲು ಸೊಂಟದಲ್ಲಿ ಸೇರಿದ ಹಾಗೆ. ಒಂದು ಕಾಲಿನಲ್ಲಿ ವೆಳ್ಳಾಳರು, ಇನ್ನೊಂದರಲ್ಲಿ ನಾಡಾರರು, ನಡುವೆ ಗೋಡೆ. ಪಾದ್ರಿ ಒಬ್ಬರೇ, ರೊಟ್ಟಿ ಒಂದೇ, ಆದರೆ ಮುಖ ನೋಡಿಕೊಳ್ಳುವ ಹಾಗಿಲ್ಲ. 1910ರಲ್ಲಿ ಪಾದ್ರಿಗಳು ಆ ಗೋಡೆ ಒಡೆಸಿದರು. ಗೋಡೆ ವಾಪಸ್ ಕಟ್ಟಿಸಿಕೊಡಿ ಎಂದು ಕೇಸು ಮದ್ರಾಸ್ ಹೈಕೋರ್ಟಿನ ತನಕ ಹೋಯಿತು! ಗೋಡೆ ವಾಪಸ್ ಬರಲಿಲ್ಲ. ಪ್ರೊಟೆಸ್ಟೆಂಟರು ನಗುವುದು ಬೇಡ. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ದಕ್ಷಿಣದ ಸಭೆಗಳಲ್ಲಿ ಜಾತಿ ಭೇದ ನಿಲ್ಲಬೇಕು ಎಂದು ಪತ್ರ ಬರೆದಾಗ ತಂಜಾವೂರು, ಮದ್ರಾಸಿನ ವೇಪೇರಿ ಕಡೆ ಎಷ್ಟೋ ಜನ ಸಭೆ ಬಿಟ್ಟೇ ಹೋದರು. ಯೇಸು ಬೇಕು, ಆದರೆ ಪಕ್ಕದಲ್ಲಿ ಕೆಳಜಾತಿಯವನು ಕೂರಬಾರದು ಎಂದು. ಮಂಗಳೂರಿನ ಕಡೆ ಕ್ಯಾಥೊಲಿಕರಲ್ಲಿ ಬಾಮಣ್, ಚಾರೋಡಿ ಎಂಬ ಜಾತಿಯ ಮಾತು ಮದುವೆ ಸಂಬಂಧ ನೋಡುವಾಗ ಈಗಲೂ ಎಲ್ಲಿಂದಲೋ ಬಂದು ಕೂರುತ್ತದೆ. ಇದರ ಬಗ್ಗೆ ಬರೆಯಲು ಇನ್ನೊಂದು ಪೋಸ್ಟೇ ಬೇಕು, ಇರಲಿ.

ಇನ್ನು ಶ್ರೀಮಂತರ ಪರವಾಗಿ ಒಂದು ಮಾತು. ಹೌದು, ಅವರ ಪರವಾಗಿಯೇ. ಮುಂದಿನ ಸಾಲಿನ ಕುಶನ್ ಕುರ್ಚಿಯಲ್ಲಿ ಕೂತವರಿಗೆ ನಾವು ಮಾಡುವ ಮೋಸ ಸಣ್ಣದಲ್ಲ. ಅವರಿಗೆ ಯಾರೂ ನಿಜ ಹೇಳುವುದಿಲ್ಲ. ಕುಡಿದು ಹೆಂಡತಿಗೆ ಹೊಡೆದ ಕೂಲಿಯವನ ಮನೆಗೆ ಹಿರಿಯರು ರಾತ್ರೋರಾತ್ರಿ ಹೋಗಿ ಬುದ್ಧಿ ಹೇಳುತ್ತಾರೆ. ಅದೇ ಕೆಲಸ ಮಾಡಿದ ದೊಡ್ಡ ಮನೆಯವರಿಗೆ? 'ಅವರ ಮನೆ ವಿಷಯ, ನಮಗ್ಯಾಕೆ'. ತೋಟದ ಆಳುಗಳಿಗೆ ಎರಡು ತಿಂಗಳ ಕೂಲಿ ಬಾಕಿ ಇಟ್ಟುಕೊಂಡವರು ಹರಾಜಿನಲ್ಲಿ ಐದು ಸಾವಿರಕ್ಕೆ ಕಾಯಿ ಕೂಗಿದರೆ ನಾವು ಚಪ್ಪಾಳೆ ತಟ್ಟುತ್ತೇವೆ. ಅದೇ ಯಾಕೋಬ ಐದನೇ ಅಧ್ಯಾಯದಲ್ಲಿ ಬರೆದಿದ್ದಾನೆ, ನಿಮ್ಮ ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟುಕೊಂಡ ಕೂಲಿ ಕೂಗುತ್ತಿದೆ, ಆ ಕೂಗು ದೇವರ ಕಿವಿ ಮುಟ್ಟಿದೆ ಎಂದು. ಕೊಯ್ಲಿಗೆ ಇದಕ್ಕಿಂತ ಹತ್ತಿರದ ವಚನ ಬೇಕಾ? ಆದರೂ ಬೆಳೆ ಹಬ್ಬದ ಪ್ರಸಂಗದಲ್ಲಿ ಇದನ್ನು ನಾನು ಇನ್ನೂ ಕೇಳಿಲ್ಲ. ಸತ್ಯ ಕೇಳುವ ಹಕ್ಕು ಶ್ರೀಮಂತನಿಗೂ ಇದೆ. ಅವನನ್ನು ಕಾಣಿಕೆ ಡಬ್ಬಿ ಥರ ನೋಡುವವರಿಗೆ ಅದನ್ನು ಕೊಡಲು ಆಗುವುದಿಲ್ಲ.

ಇದಕ್ಕೇ ಯಾಜಕಕಾಂಡ 19:15 ನನಗೆ ಬಹಳ ಆರೋಗ್ಯದ ವಚನ ಅನಿಸುವುದು. ನ್ಯಾಯ ತೀರಿಸುವಾಗ ಬಡವ ಎಂದು ಪಕ್ಷಪಾತ ಮಾಡಬೇಡ, ದೊಡ್ಡವನು ಎಂದು ಮುಖ ನೋಡಬೇಡ. ಎರಡೂ ಕಡೆಯ ಬಾಗಿಲು ಮುಚ್ಚಿತು. ಬಡವರನ್ನು ಮುದ್ದು ಮಾಡುವುದು ಸಮಾನತೆ ಅಲ್ಲ. ಡಿಸೆಂಬರ್‌ನಲ್ಲಿ ಕಂಬಳಿ ಹಂಚುತ್ತೇವಲ್ಲ, ಆ ಫೋಟೋಗಳನ್ನು ನೋಡಿ. ಕೊಡುವ ಏಳು ಜನ ಕ್ಯಾಮೆರಾ ಕಡೆ ನೋಡುತ್ತಿರುತ್ತಾರೆ. ತೆಗೆದುಕೊಳ್ಳುವವರು ಕಂಬಳಿ ಕಡೆ ನೋಡುತ್ತಿರುತ್ತಾರೆ. ಅದೇ ಮನುಷ್ಯರಿಗೆ ಭಾನುವಾರ ವೇದಪಾಠ ಓದಲು ಕರೆಯುವುದಿಲ್ಲ, ಪ್ರಾರ್ಥನೆ ಮಾಡಿ ಎನ್ನುವುದಿಲ್ಲ, ಲೆಕ್ಕಪತ್ರ ತೋರಿಸುವುದಂತೂ ದೂರದ ಮಾತು.

ಕಾರ್ಕಳದ ಅತ್ತೂರಿಗೆ ಜನವರಿಯಲ್ಲಿ ಜಾತ್ರೆಗೆ ಹೋದವರು ಬೇಕಾದಷ್ಟು ಮಂದಿ ಇದ್ದೀರಿ, ಹಿಂದೂ, ಮುಸ್ಲಿಂ, ಕ್ರೈಸ್ತ ಎಲ್ಲರೂ. ಆ ಚರ್ಚು ಇರುವುದು ಸಂತ ಲಾರೆನ್ಸರ ಹೆಸರಲ್ಲಿ. ಅವರು ರೋಮಿನ ಸಭೆಯ ಸೇವಕರು, 258ರಲ್ಲಿ ಕೊಲೆಯಾದವರು. ಸಭೆಯ ಖಜಾನೆ ತಂದೊಪ್ಪಿಸು ಎಂದು ಅಧಿಕಾರಿ ಕೇಳಿದಾಗ ಅವರು ಬಡವರನ್ನು ಕರೆದುಕೊಂಡು ಬಂದು ಇವರೇ ಸಭೆಯ ಸಂಪತ್ತು ಅಂದರು ಎಂದು ಹಳೆಯ ಕಥೆ. ನನಗೆ ಅದರಲ್ಲಿ ಹಿಡಿಸುವುದು ಲೆಕ್ಕದ ಭಾಗ. ಖಜಾನೆ ಎಂದರೆ ಸಭೆ ಯಾರನ್ನು ನಂಬಿಕೊಂಡಿದೆ ಎನ್ನುವ ಪಟ್ಟಿ. ನಮ್ಮ ಪಟ್ಟಿ ತೆಗೆದರೆ ಯಾರ ಹೆಸರು ಮೊದಲು ಬರುತ್ತದೆ?

ಈಗ 'ಹಾಗಾದ್ರೆ ಛಾವಣಿಗೆ ದುಡ್ಡು ಎಲ್ಲಿಂದ?' ಎಂದು ಕೇಳುತ್ತೀರಿ, ಗೊತ್ತು. ಕೇಳಬೇಕಾದ ಪ್ರಶ್ನೆಯೇ. ಕೊಡುವವರು ಕೊಡಲಿ, ಯಾರು ಬೇಡ ಅಂದರು. ಹರಾಜೂ ಇರಲಿ, ಕೋಳಿಯೂ ಓಡಲಿ. ಬೆಲೆ ಮಾತ್ರ ಕೂಗಿ, ಹೆಸರು ಕೂಗಬೇಡಿ. ಸೊಪ್ಪಿನ ಕಟ್ಟು ಮೊದಲು ಬರಲಿ, ಬಾಡುವ ಮುಂಚೆ. ಮುಂದಿನ ಸಾಲು ಮೊದಲು ಬಂದವರಿಗೆ, ಇಲ್ಲವೇ ಕಿವಿ ಮಂದವಾದವರಿಗೆ. ಹೀಗೆ ಮಾಡಿದರೆ ಕಾಣಿಕೆ ಕಡಿಮೆಯಾಗುತ್ತದೆ ಎನ್ನುವುದಾದರೆ, ಬರುತ್ತಿದ್ದ ಆ ಹೆಚ್ಚುವರಿ ಹಣ ಯಾವುದಕ್ಕೆ ಕೊಟ್ಟ ಬೆಲೆ ಎಂದು ಕಮಿಟಿಯವರೇ ಹೇಳಬೇಕು.

ಮತ್ತೆ ಇನ್ನೊಂದು. ಕಮಿಟಿಗೆ ಬಡವರು ನಿಲ್ಲುವುದೇ ಇಲ್ಲ, ಆಸಕ್ತಿ ಇಲ್ಲ ಎನ್ನುವ ಮಾತು ಎಲ್ಲ ಕಡೆ ಕೇಳುತ್ತೇವೆ. ಮೀಟಿಂಗು ಯಾವಾಗ ಇಡುತ್ತೀರಿ ನೋಡಿ. ನಾನು ಕಂಡಂತೆ ಬುಧವಾರ ಸಂಜೆ ನಾಲ್ಕು ಗಂಟೆ. ಅಂಗಡಿ ಇರುವವರಿಗೆ, ಪೆನ್ಶನ್ ಬರುವವರಿಗೆ ಪರವಾಗಿಲ್ಲ. ಮನೆಗೆಲಸಕ್ಕೆ ಹೋಗುವ ಹೆಂಗಸಿಗೆ, ಗಾರೆ ಕೆಲಸದವರಿಗೆ ಅರ್ಧ ದಿನದ ಕೂಲಿ ಹೋಗುತ್ತದೆ, ಆಮೇಲೆ ಬಂದರೂ ಮಾತಾಡಲು ಬಿಡುವುದಿಲ್ಲ. ಭಾನುವಾರ ಆರಾಧನೆ ಮುಗಿದ ಮೇಲೆ ಮುಕ್ಕಾಲು ಗಂಟೆ ಸಾಕು, ಬಿಸ್ಕೆಟು ಚಹಾ ಹೇಗೂ ಇರುತ್ತದೆ. ಈ ವರ್ಷದ ಸಾಮಾನ್ಯ ಸಭೆಯಲ್ಲಿ ನಾನು ಬರೆದು ಕೊಡಲಿರುವ ಒಂದೇ ಗೊತ್ತುವಳಿ ಇದು. ಅನುಮೋದಿಸಲು ಯಾರಾದರೂ ಒಬ್ಬರು ಬೇಕು, ನಮ್ಮ ಸಭೆಯವರು ಇದನ್ನು ಓದುತ್ತಿದ್ದರೆ ಇನ್‌ಬಾಕ್ಸ್‌ಗೆ ಬನ್ನಿ.