ಕೈಮುಗಿಯುವ ತೆಂಗಿನಮರ

ಕಾಸರಗೋಡಿನ ಕಚೇರಿಯೊಂದರ ಜಗಲಿಯಲ್ಲಿ, ಹಿಂದೆ ಮರದ ಬೆಂಚು ಇದ್ದಲ್ಲಿ, ಈಗ ಆಳೆತ್ತರದ ಟಚ್ ಸ್ಕ್ರೀನ್ ನಿಂತಿದೆ. ತಂದೆ ತೀರಿಕೊಂಡ ಮೇಲೆ ಜಾಗೆಯನ್ನು ಮಕ್ಕಳ ಹೆಸರಿಗೆ ಮಾಡಿಸಿಕೊಳ್ಳುವ ಬಗೆಯನ್ನು ಜನರಿಗೆ ನಗುನಗುತ್ತ ಕಲಿಸುವುದು ಅದರ ಉದ್ದೇಶವಂತೆ. ಬೆಂಚು ಇದ್ದ ಕಾಲದಲ್ಲಿ ಪಕ್ಕದಲ್ಲಿ ಕುಳಿತವರನ್ನು ಕೇಳಿದರೆ ಅದು ಗೊತ್ತಾಗುತ್ತಿತ್ತು.

ಪರದೆಯನ್ನು ಮುಟ್ಟಿದೊಡನೆ ಕನ್ನಡಕ ಹಾಕಿದ ತೆಂಗಿನಮರವೊಂದು ಬಳುಕುತ್ತ ಬಂದು ಕೈಮುಗಿಯುತ್ತದೆ. ಕಡತವೊಂದು ರೆಕ್ಕೆ ಬಡಿಯುತ್ತ ಮೇಜಿನಿಂದ ಮೇಜಿಗೆ ಹಾರುತ್ತದೆ. ಆ ಕಚೇರಿಯನ್ನು ಬಲ್ಲವರಿಗೆ ಇದು ಪೌರಾಣಿಕ ಪ್ರಸಂಗವೆಂದು ಅಲ್ಲಿಗೇ ತಿಳಿಯುತ್ತದೆ. ತರಬೇಕಾದ ದಾಖಲೆಗಳ ಪಟ್ಟಿ ಮಾತ್ರ ಮೂರು ಕ್ಷಣ ಮಿಂಚಿ ಮಾಯವಾಗುತ್ತದೆ, ಮತ್ತು ಆ ಮೂರು ಕ್ಷಣವೂ ಮರ ಪಕ್ಕದಲ್ಲಿ ಕುಣಿಯುತ್ತಲೇ ಇರುತ್ತದೆ. ಓದುವ ವಿಷಯದ ಪಕ್ಕದಲ್ಲಿ ತಾನಾಗಿ 5 ಸೆಕೆಂಡಿಗಿಂತ ಹೆಚ್ಚು ಹೊತ್ತು ಚಲಿಸುವ ಯಾವುದನ್ನೂ ನಿಲ್ಲಿಸುವ ಸೌಕರ್ಯ ಓದುಗನಿಗಿರಬೇಕೆಂದು ಜಾಲತಾಣಗಳಿಗೊಂದು ಅಂತರರಾಷ್ಟ್ರೀಯ ಮಾನದಂಡವಿದೆ. ನಮ್ಮ ಮರವನ್ನು ನಿಲ್ಲಿಸಬಲ್ಲದ್ದು ಕರೆಂಟು ಹೋಗುವುದೊಂದೇ.

ಕನ್ನಡಕ್ಕೂ ಒಂದು ಗುಂಡಿಯಿದೆ ಎಂದು ಹಿಗ್ಗಿ ಒತ್ತಿದೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಮಲಯಾಳದ ಬಸ್ಸಿನ ಬೋರ್ಡನ್ನೂ ಅಂದಾಜಿನಲ್ಲಿ ಓದಿ ಬದುಕಿದವರಿಗೆ ಆ ಹಿಗ್ಗು ಸಹಜ. ಅಕ್ಷರಗಳು ಒಂದೊಂದಾಗಿ ಪಲ್ಟಿ ಹೊಡೆಯುತ್ತ ಬಂದು ‘ಹಕ್‌ಕುಪತ್‌ರ’ ಎಂದು ಸಾಲಾಗಿ ನಿಂತವು. ಬಿಡಿಬಿಡಿಯಾಗಿ ನಿಲ್ಲುವ ಇಂಗ್ಲಿಷ್ ಅಕ್ಷರಗಳಿಗೆಂದು ಹೊಲಿದ ಕುಣಿತವನ್ನು ಕನ್ನಡಕ್ಕೆ ತೊಡಿಸಿದ ಫಲವಿದು: ನಮ್ಮಲ್ಲಿ ಮೂಲಾಕ್ಷರ, ಒತ್ತು, ಸ್ವರಚಿಹ್ನೆ ಎಲ್ಲ ಕೂಡಿದರೇ ಒಂದು ಅಕ್ಷರ, ಅದನ್ನು ಬಿಡಿಸಿ ಹಾರಿಸಿದರೆ ಒತ್ತು ಒಂದು ಕಡೆ, ಅಕ್ಷರ ಇನ್ನೊಂದು ಕಡೆ ಬೀಳುತ್ತದೆ.

ಚಲಿಸುವ ಚಿತ್ರವೆಂದ ಮಾತ್ರಕ್ಕೆ ವಿಷಯ ಹೆಚ್ಚು ತಿಳಿಯುವುದಿಲ್ಲವೆಂದು ಮನೋವಿಜ್ಞಾನಿ ಬಾರ್ಬರಾ ಟ್ವೆರ್ಸ್ಕಿ ಮತ್ತು ಸಂಗಡಿಗರು 2002ರಲ್ಲಿಯೇ ಬರೆದರು. ಅಷ್ಟೇ ಮಾಹಿತಿಯುಳ್ಳ ನಿಂತ ಚಿತ್ರದೆದುರು ಅದರ ಮೇಲುಗೈ ಅವರಿಗೆ ಕಾಣಲಿಲ್ಲ, ನೋಡುಗನೇ ಚಿತ್ರವನ್ನು ನಿಲ್ಲಿಸಿ, ತಿರುಗಿಸಿ ನೋಡುವಂತಿದ್ದರೆ ಉಪಯೋಗವಾದೀತೆಂಬ ಆಸೆ ಮಾತ್ರ ಉಳಿಯಿತು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಿಗೆ ಇದು ಹೊಸ ಮಾತೇನಲ್ಲ. ಬಯಲಾಟದಲ್ಲಿ ವೇಷಧಾರಿ ರಂಗಸ್ಥಳಕ್ಕೆ ಒಂದು ಸುತ್ತು ಹಾಕಿದರೆ ಊರಿನಿಂದ ಊರಿಗೆ ಹೋದನೆಂದೇ ಅರ್ಥ. ಅರ್ಥ ಹೇಳುವ ಹೊತ್ತಿಗೆ ಚೆಂಡೆ ಸುಮ್ಮನಾಗುತ್ತದೆ. ಆ ಮರಕ್ಕೆ ಸುಮ್ಮನಾಗುವುದನ್ನು ಯಾರೂ ಕಲಿಸಲಿಲ್ಲ.

ನಾನು ಹೋದ ದಿನ ಪೆರ್ಲ ಕಡೆಯ ಅಜ್ಜರೊಬ್ಬರು ಮರದ ನಮಸ್ಕಾರಕ್ಕೆ ನಾಲ್ಕನೆಯ ಬಾರಿ ಪ್ರತಿನಮಸ್ಕಾರ ಮಾಡುತ್ತಿದ್ದರು. ಒಳಗಿನಿಂದ ಬಂದ ಜವಾನ, “ಅಜ್ಜಾ, ಅದನ್ನು ಬಿಡಿ, ಇದನ್ನು ನೋಡಿ” ಎಂದು ಪರದೆಯ ಮೂಲೆಗೆ ಅಂಟಿಸಿದ ರಟ್ಟನ್ನು ತೋರಿಸಿದ. ಜಾಗೆಯ ಹಿಂದಿನ ಆಧಾರಪತ್ರ, ತೀರ್ವೆ (ಭೂಕಂದಾಯ) ರಶೀದಿ, ಮರಣಪತ್ರ, ವಾರಸುದಾರರ ಸರ್ಟಿಫಿಕೇಟು: ನೀಲಿ ಶಾಯಿಯಲ್ಲಿ, ಒತ್ತುಗಳೆಲ್ಲ ಸ್ವಸ್ಥಾನದಲ್ಲಿದ್ದ ನಾಲ್ಕು ಸಾಲು. ಅಜ್ಜರು ಅದನ್ನು ಬೆರಳಿನಿಂದ ತಡವುತ್ತ ಓದಿಕೊಂಡು, ತೀರ್ವೆ ರಶೀದಿ ತರಲು ಮನೆಗೆ ಹೊರಟರು.

ಮುಂದಿನ ವಾರ ಪರದೆಯನ್ನು ಪರಿಶೀಲಿಸಲು ಬಂದವರು ಆ ರಟ್ಟನ್ನು ಕಿತ್ತು ಹಾಕಿದರಂತೆ. ತೆಂಗಿನಮರದ ಒಂದು ಕೈ ಅದರ ಹಿಂದೆ ಮರೆಯಾಗುತ್ತಿತ್ತಂತೆ.