ಬೂಟಿ ಬೇ: ಹಾಳೂರಿಗೆ ಗಾಬ್ಲಿನ್ನೇ ಗೌಡ

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನೋ ಆನ್‌ಲೈನ್ ಆಟ ಆಡೋರು ನಾಲ್ಕು ಜನ ಸೇರಿದ ಕಡೆ ಒಬ್ಬ ಇದ್ದೇ ಇರ್ತಾನೆ, "ಬೂಟಿ ಬೇ ಎಷ್ಟು ಚೆನ್ನಾಗಿದೆ ಗುರೂ" ಅನ್ನೋನು. ಆಟದೊಳಗಿನ ಬಂದರು ಊರು ಅದು: ಶಾರ್ಕ್ ಮೀನಿನ ಬಾಯಿಯ ಬಾಗಿಲು, ಸುರಂಗ ದಾಟಿದ್ರೆ ಕುದುರೆ ಲಾಳದ ಆಕಾರದ ಕೊಲ್ಲಿ, ಗುಡ್ಡಕ್ಕೆ ಅಂಟಿಸಿದ ಮರದ ಮನೆಗಳು, ಕೆಳಗೆ ನೀಲಿ ನೀರು, ಎದುರಿಗೆ ನಡುಗಡ್ಡೆಯಲ್ಲಿ ರಿಯೋ ಡಿ ಜನೈರೋದ ಕ್ರಿಸ್ತನ ಥರ ಕೈ ಚಾಚಿಕೊಂಡು ನಿಂತ ಗಾಬ್ಲಿನ್ (ಆಟದ ಕುಳ್ಳ ಹಸಿರು ಮೈಯ ವ್ಯಾಪಾರಿ ಜಾತಿ) ಪ್ರತಿಮೆ. ಹೌದಪ್ಪ, ಚೆನ್ನಾಗಿದೆ. ಸ್ಕ್ರೀನ್‌ಶಾಟ್ ತೆಗೆದುಕೊಂಡು ವಾಪಸ್ ಬರೋನಿಗೆ ಚೆನ್ನಾಗಿದೆ. ಆ ಊರಲ್ಲಿ ಒಂದು ಕೆಲಸ ಇಟ್ಟುಕೊಂಡು ಹೋದೋನನ್ನ ಕೇಳಿ, ಆಗ ಗೊತ್ತಾಗುತ್ತೆ.

ಹೇಳ್ತಿರೋದು ಕ್ಲಾಸಿಕ್, ಅಂದ್ರೆ ಹಳೇ ರೂಪದ ಆಟದ ಬೂಟಿ ಬೇ ಬಗ್ಗೆ. ಸ್ಟ್ರ್ಯಾಂಗಲ್‌ಥಾರ್ನ್ ಕಾಡಿನ ದಕ್ಷಿಣ ತುದಿ. ಸ್ಟೀಮ್‌ವೀಡಲ್ ಕಾರ್ಟೆಲ್ ಅನ್ನೋ ಗಾಬ್ಲಿನ್ ವ್ಯಾಪಾರಿಗಳ ಕೂಟದ ನಾಲ್ಕು ಊರುಗಳಲ್ಲಿ ಒಂದು. ಮಿಕ್ಕ ಮೂರು ರ‍್ಯಾಚೆಟ್, ಗ್ಯಾಜೆಟ್ಜಾನ್, ಎವರ್‌ಲುಕ್. ಊರಗೌಡ ಬ್ಯಾರನ್ ರೆವಿಲ್‌ಗ್ಯಾಜ್. ಆಟಗಾರರ ಎರಡು ವೈರಿ ಪಕ್ಷಗಳಲ್ಲಿ ಅಲಯನ್ಸ್ ಆದ್ರೂ ಸರಿ, ಹೋರ್ಡ್ ಆದ್ರೂ ಸರಿ, ಯಾರು ಬಂದ್ರೂ ಬಾಗಿಲು ತೆಗೆದಿರುತ್ತೆ. ನ್ಯೂಟ್ರಲ್ ಊರು ಅಂತ ಬಿರುದು ಬೇರೆ. ಸಿಟ್ಟು ನೆತ್ತಿಗೇರೋದೇ ಈ ನ್ಯೂಟ್ರಲ್ ಅನ್ನೋ ಮಾತಿಗೆ.

ಆಕ್ಷನ್ ಹೌಸಿಂದಲೇ ಶುರು ಮಾಡೋಣ. ನಿಮ್ಮ ನಿಮ್ಮ ರಾಜಧಾನಿಯಲ್ಲಿ ಸಾಮಾನು ಹರಾಜಿಗಿಟ್ಟರೆ 5% ಕಮಿಷನ್. ಈ ಗಾಬ್ಲಿನ್ ಊರಲ್ಲಿ 15%. ನೂರು ಗೋಲ್ಡಿಗೆ ಮಾರಿದ್ರೆ ಅಲ್ಲಿ 95 ಕೈಗೆ, ಇಲ್ಲಿ 85. ಹತ್ತು ಗೋಲ್ಡು ಗಾಬ್ಲಿನ್ ಗಲ್ಲಾಕ್ಕೆ ಹೆಚ್ಚಿಗೆ ಹೋಯ್ತು. ಹಾಗಂತ ಬಿಟ್ಟುಬಿಡೋಕೂ ಆಗಲ್ಲ, ಯಾಕಂದ್ರೆ ಅಲಯನ್ಸ್ ಮತ್ತು ಹೋರ್ಡ್ ನಡುವೆ ಸಾಮಾನಾಗಲಿ ಗೋಲ್ಡಾಗಲಿ ದಾಟಿಸೋಕೆ ಇರೋ ದಾರಿ ಇದೊಂದೇ. ಮೇಲ್ ಹೋಗಲ್ಲ, ಟ್ರೇಡ್ ಆಗಲ್ಲ.

ಎರಡೂ ಪಕ್ಷದಲ್ಲಿ ನಿಮ್ಮದೊಂದೊಂದು ಪಾತ್ರ ಇದ್ದರೆ ಗೋಲ್ಡ್ ದಾಟಿಸೋದು ಹೀಗೆ: ಬಡ ಪಾತ್ರ ಒಂದು ಕೆಲಸಕ್ಕೆ ಬಾರದ ಸಾಮಾನನ್ನ ನೂರು ಗೋಲ್ಡ್ ಬೈಔಟ್ (ಹರಾಜು ಕೂಗದೆ ಕೊಳ್ಳೋ ಬೆಲೆ) ಹಾಕಿ ಇಡಬೇಕು, ಸಾಹುಕಾರ ಪಾತ್ರ ಅದನ್ನ ಕೊಳ್ಳಬೇಕು, 85 ಬರುತ್ತೆ. ದುಡ್ಡು ತಕ್ಷಣ ಸಿಗಲ್ಲ, ಮೇಲ್ ಬರೋಕೆ ಒಂದು ಗಂಟೆ. ಇದು ಸಲೀಸು, ಹರಕು ಪಂಚೆಗೆ ನೂರು ಗೋಲ್ಡ್ ಕೊಡೋ ಹುಚ್ಚ ಬೇರೆ ಯಾರೂ ಇರಲ್ಲ. ಉಲ್ಟಾ ದಿಕ್ಕಲ್ಲಿ ಒಳ್ಳೆ ಸಾಮಾನು ದಾಟಿಸೋಕೆ ಹೋಗಿ ನೋಡಿ. ಕೊಳ್ಳಬೇಕಾದ ಬಡ ಪಾತ್ರದ ಹತ್ತಿರ ದುಡ್ಡಿಲ್ಲ ಅಂತ ಕಮ್ಮಿ ಬೆಲೆ ಹಾಕಿದ್ರೋ, ಅಲ್ಲೇ ಕೊಕ್ಕರೆ ಥರ ಕಾದು ಕೂತಿರೋ ಒಬ್ಬ ಲಬಕ್ಕಂತ ಎತ್ಕೊಂಡು ಹೋಗ್ತಾನೆ. ಅದಕ್ಕೇ ಮೊದಲು ಗೋಲ್ಡ್ ದಾಟಿಸಿ, ಆಮೇಲೆ ಸಾಮಾನನ್ನ ಸಂತೆಯ ಬೆಲೆಗೇ ಇಟ್ಟು ಕೊಳ್ಳಬೇಕು. ಅಂದ್ರೆ ಎರಡು ಸಲ 15%. ಗಾಬ್ಲಿನ್ ನಗದೇ ಇನ್ನೇನು ಮಾಡ್ತಾನೆ?

ಆ ಬಡ ಪಾತ್ರ ಅಲ್ಲಿಗೆ ತಲುಪೋ ಪಾಡು ಬೇರೆ. ಹೋರ್ಡಿನ ಒಂದನೇ ಲೆವೆಲ್ ಓರ್ಕ್ ಆದ್ರೆ ಪುಣ್ಯವಂತ: ಡುರೋಟಾರ್ ದಾಟಿ ಬ್ಯಾರೆನ್ಸ್ ಕರಾವಳಿಯ ರ‍್ಯಾಚೆಟ್‌ಗೆ ನಡೆದು, ಹಡಗು ಹತ್ತಿದ್ರೆ ನೇರ ಬೂಟಿ ಬೇ. ಅಲಯನ್ಸಿನ ಮನುಷ್ಯ ಆದ್ರೆ ಎಲ್ವಿನ್ ಕಾಡು, ಡಸ್ಕ್‌ವುಡ್, ಆಮೇಲೆ ಇಡೀ ಸ್ಟ್ರ್ಯಾಂಗಲ್‌ಥಾರ್ನ್ ಉತ್ತರದಿಂದ ದಕ್ಷಿಣಕ್ಕೆ ಕಾಲ್ನಡಿಗೆ. ಮೂವತ್ತರ ಲೆವೆಲ್ ದಾಟಿದ ಹುಲಿ, ಚಿರತೆ, ರ‍್ಯಾಪ್ಟರ್‌ಗಳ ಮಧ್ಯೆ ಸತ್ತು ಸತ್ತು ಮುಂದಕ್ಕೆ ತೆವಳಬೇಕು. ಇದಕ್ಕೂ ನ್ಯೂಟ್ರಲ್ ಅಂತಾರೆ.

ಇನ್ನು ಗಾರ್ಡುಗಳು, ಬ್ರೂಸರ್ ಅಂತ ಕರೆಯೋ ಆ ದಾಂಡಿಗರು. ಎದುರು ಪಕ್ಷದ ಆಟಗಾರರು ಒಬ್ಬರನ್ನೊಬ್ಬರು ಕೊಲ್ಲಬಹುದಾದ ಪಿವಿಪಿ ಸರ್ವರಲ್ಲಿ ಆಡೋರಿಗೆ ಗೊತ್ತು, ಈ ಊರಲ್ಲಿ ಗಾರ್ಡಿದ್ದಾನೆ ಅಂತ ಧೈರ್ಯ ಮಾಡಿ ಬ್ಯಾಂಕ್ ಮುಂದೆ ನಿಂತವನಷ್ಟು ಪೆದ್ದ ಇನ್ನೊಬ್ಬ ಇಲ್ಲ. ರೋಗ್, ಅಂದ್ರೆ ಕಣ್ಣಿಗೆ ಕಾಣದೆ ಓಡಾಡೋ ಹಂತಕ, ಬೆನ್ನ ಹಿಂದೆ ಪ್ರತ್ಯಕ್ಷ ಆಗಿ ಮೂವತ್ತೈದರ ಲೆವೆಲ್ಲಿನವನನ್ನ ಎರಡು ಮೂರು ಏಟಿಗೆ ಮಲಗಿಸ್ತಾನೆ. ಆಮೇಲೆ ಗಾರ್ಡು ಬಲೆ ಎಸೀತಾನೆ, ಅಷ್ಟೊತ್ತಿಗೆ ಅವನು ವ್ಯಾನಿಶ್ ಒತ್ತಿ ಮಾಯ. ಹೆಣ ಬಿದ್ದ ಮೇಲೆ ಬರೋ ಪೊಲೀಸು. ದೂರದಿಂದಲೇ ಹೊಡೆಯೋ ಮೇಜ್ (ಮಾಂತ್ರಿಕ), ಹಂಟರ್‌ಗಳಿಗೆ ಇನ್ನೂ ಸುಖ: ಚಾವಣಿ ಮೇಲೆ ಹತ್ತಿ ನಿಂತು ಕೆಳಗೆ ಓಡಾಡೋರನ್ನ ಒಬ್ಬೊಬ್ಬರಾಗಿ ಹುರೀತಾರೆ, ಕೆಳಗಿರೋ ಗಾರ್ಡು ಮೇಲೆ ಹತ್ತೋ ದಾರಿ ಗೊತ್ತಿಲ್ಲದೆ ಪರದಾಡ್ತಾನೆ. ಊರು ಕಟ್ಟಿದವನಿಗೆ ಚಾವಣಿ ಇಷ್ಟು ಇಡಬೇಕು ಅಂತ ಹೊಳೀತು, ಗಾರ್ಡಿಗೊಂದು ಏಣಿ ಹೊಳೀಲಿಲ್ಲ.

ತಿರುಗಿ ಹೊಡೆಯೋ ಮುಂಚೆ ಒಂದು ಲೆಕ್ಕ ತಲೆಯಲ್ಲಿರಲಿ. ಎದುರಾಳಿ ಆಟಗಾರ ಕೊಂದ್ರೆ ನಿಮ್ಮ ಕವಚ, ಕತ್ತಿ ಸವೆಯಲ್ಲ. ಗಾರ್ಡಿನ ಕೈಲಿ ಸತ್ತರೆ ತೊಟ್ಟಿರೋ ಪ್ರತಿಯೊಂದು ಸಾಮಾನೂ 10% ಸವೆಯುತ್ತೆ. ಪ್ರೇತವಾಗಿ ನಿಮ್ಮ ಹೆಣದ ಹತ್ತಿರ ಓಡೋಕೆ ಬೇಜಾರಾಗಿ ಸ್ಮಶಾನದ ದೇವತೆ ಹತ್ತಿರ ಎದ್ದರೆ 25%, ಅದೂ ಚೀಲದಲ್ಲಿರೋ ಸಾಮಾನೂ ಸೇರಿ. ರಿಪೇರಿ ಮಾಡೋನು ಯಾರು? ಅದೇ ಊರಿನ ಕಮ್ಮಾರ. ಹೊಡೆಯೋನೂ ಅವನ ಕಡೆಯೋನೇ, ಹೊಲಿಗೆ ಹಾಕಿ ಬಿಲ್ ಕೊಡೋನೂ ಅವನ ಕಡೆಯೋನೇ.

ಸಿಟ್ಟು ತಡೆಯೋಕಾಗದೆ ಗಾರ್ಡುಗಳನ್ನೇ ಹೊಡೆದುಹಾಕ್ತೀನಿ ಅಂತೀರಾ? ಒಬ್ಬ ಬ್ರೂಸರ್ ಬಿದ್ದರೆ ಬೂಟಿ ಬೇಯಲ್ಲಿ ನಿಮ್ಮ ಹೆಸರು (ರೆಪ್ಯುಟೇಶನ್) 125 ಅಂಕ ಇಳಿಯುತ್ತೆ, ಅದರ ಅರ್ಧದಷ್ಟು ಮಿಕ್ಕ ಮೂರು ಊರಲ್ಲೂ ಇಳಿಯುತ್ತೆ. ಸಿಗೋದು ಬ್ಲಡ್‌ಸೇಲ್ ಕಡಲ್ಗಳ್ಳರ ಹತ್ತಿರ 25. ಸೊನ್ನೆಯಿಂದ ಲೆಕ್ಕ ಹಾಕಿದ್ರೆ 24 ಗಾರ್ಡಿಗೆ 3000 ಖಾಲಿ. ಇನ್ನೊಬ್ಬನಿಗೆ ಕೈ ಹಾಕಿದ್ರೆ ಹಾಸ್ಟೈಲ್, ಅಂದ್ರೆ ಊರಿಗೆ ವೈರಿ. ಅಲ್ಲಿಂದಾಚೆ ಊರಿಗೆ ಕಾಲಿಟ್ಟ ಕೂಡಲೇ ಬಲೆ. ಹಡಗು, ಬ್ಯಾಂಕು, ಹೋಟೆಲು, ಹಾರೋ ಸವಾರಿ ಕೊಡೋ ಫ್ಲೈಟ್ ಮಾಸ್ಟರ್, ಎಲ್ಲಾ ಊರಿನೊಳಗೇ ಇರೋದು. ಅಡ್ಮಿರಲ್ ಟೋಪಿ ಆಸೆಗೆ ಕಡಲ್ಗಳ್ಳರ ಪಕ್ಷ ಸೇರಿದವರು ಎಷ್ಟೋ ಜನ. ಟೋಪಿ ಬಂತು, ಜತೆಗೊಂದು ಗಿಣಿ ಬಂತು. ಆಮೇಲೆ ಹೆಸರು ಸರಿಮಾಡಿಕೊಳ್ಳೋಕೆ ಅದೇ ಕಡಲ್ಗಳ್ಳರನ್ನ ವಾರಗಟ್ಟಲೆ ಕಡಿದು ಗುಡ್ಡೆ ಹಾಕಬೇಕು. ಹೋಗೋಕೆ ಜಾರುಬಂಡೆ, ಬರೋಕೆ ಶಿವಗಂಗೆ ಬೆಟ್ಟ. ಗಿಣಿಯೇ ಬೇಕಿದ್ರೆ ಅದೇ ಊರಲ್ಲಿ ನಾರ್ಕ್ ಅನ್ನೋನು 40 ಸಿಲ್ವರಿಗೆ ಮಾರ್ತಾನೆ, ಸುಮ್ಮನೆ ತಗೊಳ್ಳಿ.

ಕೆಲಸ ಕೊಡೋ ಗಾಬ್ಲಿನ್‌ಗಳ ಬಗ್ಗೆ ಹೆಚ್ಚು ಹೇಳಲ್ಲ. ಡ್ರಿಜ್ಲಿಕ್‌ಗೆ ಮೊಸಳೆ ಚರ್ಮ ಬೇಕು. ಮೊದಲು ಹೊಳೆ ಮೊಸಳೆಯದು ಎರಡು, ತಂದುಕೊಟ್ಟ ಮೇಲೆ ಇನ್ನೊಂದು ಜಾತಿಯದು ಐದು. ಮೊಸಳೆ ಇರೋದು ಕಾಡಿನ ಉತ್ತರಕ್ಕೆ, ಅವನು ಕೂತಿರೋದು ದಕ್ಷಿಣ ತುದಿಗೆ. ಕೆಬೊಕ್‌ಗೆ 15 ಟ್ರೋಲ್ ಕಿವಿ, ಆಮೇಲೆ 18 ಕೋರೆಹಲ್ಲು. ಈ ಪ್ರದೇಶ ಮೂವತ್ತರಿಂದ ನಲವತ್ತೈದರ ಲೆವೆಲ್‌ನವರಿಗೆ, ಕುದುರೆ ಸಿಗೋದು ನಲವತ್ತಕ್ಕೆ. ಅಂದ್ರೆ ಈ ಓಡಾಟದಲ್ಲಿ ಮುಕ್ಕಾಲುಪಾಲು ಕಾಲ್ನಡಿಗೆ. ಚೀಲದಲ್ಲಿ ಜಾಗ? ಅದೇ ಕಾಡಿನ ಬೇಟೆಗಾರರ ಶಿಬಿರದಲ್ಲಿ ಹರಿದುಹೋದ ಪುಸ್ತಕದ 15 ಹಾಳೆ ಹುಡುಕಿ ಅಂತ ಇನ್ನೊಂದು ಕೆಲಸ ಕೊಟ್ಟಿರ್ತಾರೆ. ಹಾಳೆಗೊಂದು ಜಾಗ, ಒಂದರ ಮೇಲೊಂದು ಕೂರಲ್ಲ. ಹುಟ್ಟುಚೀಲದಲ್ಲಿ ಇರೋದೇ 16 ಖಾನೆ. ಉಳಿದ ಒಂದು ಖಾನೆಯಲ್ಲಿ ಕಿವಿ ಹಾಕ್ತೀರೋ ಚರ್ಮ ಹಾಕ್ತೀರೋ ನೀವೇ ನೋಡ್ಕೊಳ್ಳಿ.

ಇವನ್ನೆಲ್ಲಾ ಹಲ್ಲು ಕಚ್ಚಿ ಸಹಿಸಬಹುದು. ಸಹಿಸೋಕಾಗದ್ದು ಭಾನುವಾರದ ಮೀನು ಸ್ಪರ್ಧೆ.

ಮೀನು ಹಿಡಿಯೋರಿಗೆ ಈ ಊರು ತಪ್ಪಿದ್ದಲ್ಲ. ಫಿಶಿಂಗ್ 150 ದಾಟಬೇಕಂದ್ರೆ ಎಕ್ಸ್‌ಪರ್ಟ್ ಪುಸ್ತಕ ಬೇಕು, ಅದನ್ನ ಮಾರೋನು ಬೂಟಿ ಬೇಯ ಓಲ್ಡ್ ಮ್ಯಾನ್ ಹೆಮಿಂಗ್, ಬೆಲೆ ಒಂದು ಗೋಲ್ಡ್. ಸರಿ, ಕೊಂಡ್ರಿ, ಕಲಿತ್ರಿ, 225ಕ್ಕೆ ಬಂದ್ರಿ. ಈಗ ಸ್ಪರ್ಧೆ. ಸರ್ವರ್ ಗಡಿಯಾರದಲ್ಲಿ ಮಧ್ಯಾಹ್ನ ಎರಡಕ್ಕೆ ಸ್ಪರ್ಧೆ ನಡೆಸೋ ರಿಗಲ್ ಬ್ಯಾಸ್‌ಬೇಟ್ ಕೂಗು ಹಾಕ್ತಾನೆ, ನಾಲ್ಕಕ್ಕೆ ಮುಗಿಯುತ್ತೆ. ಯುರೋಪಿನ ಸರ್ವರಲ್ಲಿ ಆಡೋ ನಮ್ಮವರಿಗೆ ಅದು ಚಳಿಗಾಲದಲ್ಲಿ ಸಂಜೆ ಆರೂವರೆ, ಬೇಸಿಗೆಯಲ್ಲಿ ಐದೂವರೆ. ಮನೆಗೆ ನೆಂಟರು ಬರೋ ಹೊತ್ತು, ಇಲ್ಲಾ ಕರೆಂಟ್ ಹೋಗೋ ಹೊತ್ತು. ಸ್ಟ್ರ್ಯಾಂಗಲ್‌ಥಾರ್ನ್ ಕರಾವಳಿಯಲ್ಲಿ ಟೇಸ್ಟಿಫಿಶ್ ಗುಂಪುಗಳು ಏಳ್ತವೆ. 40 ಮೀನು ಹಿಡಿದು ರಿಗಲ್‌ಗೆ ಮೊದಲು ಕೊಟ್ಟವನೇ ಗೆದ್ದ. ಬಹುಮಾನ ಎರಡರಲ್ಲಿ ಒಂದು: ಫಿಶಿಂಗ್ 35 ಹೆಚ್ಚಿಸೋ ಆರ್ಕನೈಟ್ ಗಾಳದ ಕೋಲು, ಇಲ್ಲಾ ನಿಮ್ಮನ್ನೇ ಮೀನು ಮಾಡೋ ಕೊಕ್ಕೆ. ಎರಡನೆಯವನಿಗೆ ಆ ಎರಡೂ ಇಲ್ಲ. ಜನ ತುಂಬಿದ ಸರ್ವರಲ್ಲಿ ನಾಲ್ಕು ಗಂಟೆ ತನಕ ಹೋಗೋ ಮಾತೇ ಇಲ್ಲ, ಅರ್ಧ ಗಂಟೆಯೊಳಗೇ ಯಾರೋ ಗೆದ್ದಿರ್ತಾನೆ.

ಗೆಲ್ಲೋಕೆ ತಯಾರಿ ಎಲ್ಲರಿಗೂ ಗೊತ್ತು. ಹಿಂದಿನ ದಿನವೇ ಹೋಟೆಲಲ್ಲಿ ಹಾರ್ತ್‌ಸ್ಟೋನ್ (ಒತ್ತಿದ್ರೆ ಆ ಹೋಟೆಲಿಗೇ ವಾಪಸ್ ತರೋ ಕಲ್ಲು) ಕಟ್ಟಿಸಬೇಕು. ಗಾಳಕ್ಕೆ ಬ್ರೈಟ್ ಬಾಬಲ್ಸ್ ಅನ್ನೋ ಎರೆ, ಫಿಶಿಂಗ್ 75 ಹೆಚ್ಚಾಗುತ್ತೆ, ಹತ್ತು ನಿಮಿಷ ಇರುತ್ತೆ. ಊರ ಪಕ್ಕದ ಗುಂಪಿಗೆ ಎಲ್ಲರೂ ಮುತ್ತಿರ್ತಾರೆ, ದೂರದ ಉತ್ತರ ತೀರದಿಂದ ಶುರು ಮಾಡಬೇಕು. ನಲವತ್ತನೇ ಮೀನು ಚೀಲಕ್ಕೆ ಬಿದ್ದ ಕೂಡಲೇ ಹಾರ್ತ್‌ಸ್ಟೋನ್, ಅದಕ್ಕೆ ಹತ್ತು ಸೆಕೆಂಡ್.

ಮನೆಹಾಳು ಕೆಲಸ ನಡೆಯೋದು ಅದಾದ ಮೇಲೆ. ಕಣ್ಣು ಬಿಡೋದು ಸಾಲ್ಟಿ ಸೇಲರ್ ಹೋಟೆಲಿನ ಒಳಗೆ. ಒಳಗೆ ಕುದುರೆ ಹತ್ತೋಕಾಗಲ್ಲ. ಹಲಗೆ, ಮೆಟ್ಟಿಲು, ತಿರುವು, ಮತ್ತೆ ಹಲಗೆ. ಪಕ್ಕದ ಮಿನಿಮ್ಯಾಪು ಬಾಣದ ಗುರುತು ತೋರಿಸುತ್ತೆ, ನೀವು ಮೇಲಿನ ಹಲಗೆಯಲ್ಲಿದ್ದೀರೋ ಕೆಳಗಿನದ್ದರಲ್ಲಿದ್ದೀರೋ ಹೇಳಲ್ಲ. ಆತುರದಲ್ಲಿ ಅಂಚು ತಪ್ಪಿದ್ರೆ ನೀರಿಗೆ. ಈಜಿ ದಡ ಹತ್ತಿ ಬರೋ ಹೊತ್ತಿಗೆ ಇನ್ನೊಬ್ಬನ ಹೆಸರು ಕೂಗಿ ಆಗಿರುತ್ತೆ. ಇಷ್ಟೆಲ್ಲಾ ದಾಟಿ ಬಂದ್ರೆ ರಿಗಲ್ ಮುಂದೆ ನಿಮಗೆ ಕಾಣದ ಹಾಗೆ ಇಬ್ಬರು ರೋಗ್‌ಗಳು ಕಾದಿರ್ತಾರೆ. ಮೀನು ಹಿಡಿಯೋಕೆ ಬಂದವರಲ್ಲ, ಮೀನು ಹಿಡಿದವನನ್ನ ಹಿಡಿಯೋಕೆ ಬಂದವರು. ಕೈಯಲ್ಲಿರೋದು ಗಾಳದ ಕೋಲು, ಕತ್ತಿ ಅಲ್ಲ. ಅದನ್ನ ಬದಲಾಯಿಸೋದನ್ನೂ ಮರೆತು ಓಡಿ ಬಂದಿರ್ತೀರಿ. ಗಾರ್ಡು ಬಲೆ ಹಿಡ್ಕೊಂಡು ಯಥಾಪ್ರಕಾರ ಆಮೇಲೆ ಬರ್ತಾನೆ. ರಿಗಲ್ ಅನ್ನೋ ಆ ಗಾಬ್ಲಿನ್ನು ಪಕ್ಕದಲ್ಲೇ ನಿಂತು ನೋಡ್ತಾನೆ, ಒಂದು ಮಾತಿಲ್ಲ.

2020ರ ಏಪ್ರಿಲಲ್ಲಿ ಕ್ಲಾಸಿಕ್‌ಗೆ ಜುಲ್‌ಗುರುಬ್ ಅನ್ನೋ ರೈಡ್ (ದೊಡ್ಡ ಗುಂಪು ಕಟ್ಟಿಕೊಂಡು ಮಾಡೋ ದಾಳಿ) ಬಂದ ಮೇಲಂತೂ ಊರು ಜಾತ್ರೆ ಆಯ್ತು. ಅಲ್ಲಿ ಕೊಂದ ಹಕ್ಕಾರ್‌ನ ಹೃದಯವನ್ನ ಯೊಜಾಂಬಾ ದ್ವೀಪದ ಮೊಲ್ಥಾರ್‌ಗೆ ಕೊಟ್ಟರೆ ಸ್ಪಿರಿಟ್ ಆಫ್ ಜಂಡಲಾರ್ ಅನ್ನೋ ಬಫ್ (ತಾತ್ಕಾಲಿಕ ವರ): ಎಲ್ಲಾ ಶಕ್ತಿಗೂ 15%, ಓಟಕ್ಕೆ 10%, ಎರಡು ಗಂಟೆ. ಅದು ಬೂಟಿ ಬೇಯಲ್ಲಿ ನಿಂತೋರಿಗೂ ಬೀಳುತ್ತೆ ಅಂತ ಗೊತ್ತಾಗಿದ್ದೇ ತಡ, ರೈಡಿಗೆ ಹೋಗೋರೆಲ್ಲಾ ಇಲ್ಲೇ ಠಿಕಾಣಿ. ಸತ್ತರೆ ಬಫ್ ಹೋಯ್ತು.  ಬಫ್ ಬಿದ್ದ ಮರುಕ್ಷಣ ಊರಿಂದ ಹೊರಗೆ ಹೋಗೋದು ಹೇಗೆ? ಮೇಜ್ ಸ್ನೇಹಿತ ಇದ್ದರೆ ಪೋರ್ಟಲ್. ಇಲ್ಲದವನಿಗೆ ಹೋಟೆಲ್ ಮೇಲಿನ ಫ್ಲೈಟ್ ಮಾಸ್ಟರ್ ಹತ್ತಿರ ಮೆಟ್ಟಿಲು ಹತ್ತಿ ಓಟ, ಎರಡೂ ಪಕ್ಷದವರು ಅದೇ ಮೆಟ್ಟಿಲಲ್ಲಿ. ಇಲ್ಲಾ ಶಾರ್ಕ್ ಬಾಯಿಯ ಸುರಂಗ, ಅಲ್ಲಿ ಆಚೆ ತುದಿಗೆ ಯಾರು ಕಾದಿದ್ದಾರೋ ದೇವರಿಗೇ ಗೊತ್ತು. ಇಲ್ಲಾ ಹಡಗು.

ಹಡಗು ಅಂದ್ರೆ ಒಂದೇ ಒಂದು ಕಟ್ಟೆ, ಉದ್ದಕ್ಕೆ ನೀರಿನೊಳಗೆ ಚಾಚಿರೋ ಹಲಗೆ, ಅಡ್ಡ ನಿಲ್ಲೋಕೆ ಮರೆ ಇಲ್ಲ. ಕಾಯೋರು ಸಾಲಾಗಿ ನಿಂತಿರ್ತಾರೆ, ಕೋಳಿ ಅಂಗಡಿ ಮುಂದಿನ ಕೋಳಿಗಳ ಥರ. ಹಡಗು ಬಂತು ಅಂತ ಹತ್ತಿದ್ರೂ ನೆಮ್ಮದಿ ಇಲ್ಲ: ನಡುಗಡಲಲ್ಲಿ ಲೋಡಿಂಗ್ ಪರದೆ ಬರುತ್ತೆ, ನಿಧಾನ ಕಂಪ್ಯೂಟರಿನವನ ಪರದೆ ಮುಗಿಯೋ ಮೊದಲೇ ವೇಗದ ಕಂಪ್ಯೂಟರಿನವನು ಕತ್ತಿ ಎತ್ತಿರ್ತಾನೆ. ಹತ್ತಿದ ಕೂಡಲೇ ಹಡಗಿನ ಕೆಳ ಅಂತಸ್ತಿಗೆ ಇಳಿದು ಮೂಲೆ ಹಿಡಿಯಿರಿ, ಬೆನ್ನು ಗೋಡೆಗಿರಲಿ. ರ‍್ಯಾಚೆಟ್ ಬಂದಾಗ ಎಲ್ಲರೂ ಇಳಿದ ಮೇಲೆ ಇಳೀರಿ. ಆದ್ರೆ ಜಾಸ್ತಿ ಹೊತ್ತು ಕೂತ್ರೆ ಹಡಗು ಹೊರಟೇಬಿಡುತ್ತೆ, ಮತ್ತೆ ಅದೇ ಬೂಟಿ ಬೇ ಕಟ್ಟೆಗೆ ತಂದು ನಿಲ್ಲಿಸುತ್ತೆ.